ಸಹಾಯ ಬೇಕು: ಲಿಬರಲ್ ಸ್ಟಡೀಸ್ ಸ್ನಾತಕೋತ್ತರ ಪದವಿಯೋ, ಎಕ್ಸ್‌ಟೆನ್ಷನ್ ಸ್ಕೂಲೋ?

ಎಲ್ಲರಿಗೂ ನಮಸ್ಕಾರ. ಹನ್ನೊಂದು ವರ್ಷಗಳಿಂದ ಬೋಸ್ಟನ್ ಬಳಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನಾನು, ನಮ್ಮೂರ ಕೆರೆಯ ತೂಬಿನ ಪಕ್ಕದಲ್ಲಿ ಅರ್ಧ ಹೂತುಹೋಗಿರುವ ಶಾಸನದ ಕಲ್ಲನ್ನು ನೋಡುತ್ತಲೇ ಬೆಳೆದವಳು. ಕೆರೆಗಳ ಚರಿತ್ರೆ, ನೀರಾವರಿ ತಂತ್ರ, ಪರಿಸರ ಈ ಮೂರನ್ನೂ ಒಟ್ಟಿಗೆ ಅಧ್ಯಯನ ಮಾಡಬೇಕೆಂಬ ಆಸೆ ಈಗ ಗಟ್ಟಿಯಾಗಿದೆ.

1953ರಲ್ಲಿ ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಬಗೆಯ, ಹಲವು ವಿಷಯಗಳನ್ನು ಬೆಸೆದು ಓದುವ ಲಿಬರಲ್ ಸ್ಟಡೀಸ್ ಪದವಿ ಡಾರ್ಟ್‌ಮತ್ ಕಾಲೇಜಿನಲ್ಲಿಯೂ ಇದ್ದು, ಅಲ್ಲಿ ವಿಭಾಗಗಳ ಗೋಡೆ ದಾಟಿ ನಮ್ಮದೇ ಪ್ರಶ್ನೆಯ ಸುತ್ತ ಓದನ್ನು ಕಟ್ಟಿಕೊಳ್ಳಬಹುದು. ಸೇಂಟ್ ಜಾನ್ಸ್ ಕಾಲೇಜಿನ ಲಿಬರಲ್ ಆರ್ಟ್ಸ್ ಪದವಿ ಬಹುಪಾಲು ಪಾಶ್ಚಾತ್ಯ ಮೇರುಕೃತಿಗಳ ನಿಗದಿತ ಓದಾದ್ದರಿಂದ ಅದನ್ನು ಕೈಬಿಟ್ಟಿದ್ದೇನೆ. 1910ರಲ್ಲಿ ಸ್ಥಾಪನೆಯಾದ ಹಾರ್ವರ್ಡ್ ವಿಶ್ವವಿದ್ಯಾಲಯದ ಎಕ್ಸ್‌ಟೆನ್ಷನ್ ಸ್ಕೂಲಿನಲ್ಲಾದರೆ ಕೆಲಸ ಬಿಡದೆ ಸಂಜೆ ಅಥವಾ ಆನ್‌ಲೈನ್ ತರಗತಿಗಳಲ್ಲಿ ಓದಬಹುದು. ಮೊದಲ ಕೆಲವು ಕೋರ್ಸ್‌ಗಳಲ್ಲಿ ಕನಿಷ್ಠ ಬಿ ಶ್ರೇಣಿ ಗಳಿಸಿಯೇ ಪ್ರವೇಶ ಪಡೆಯುವ ಆ ಪದ್ಧತಿ ನನಗೆ ಬಹಳ ನ್ಯಾಯವಾಗಿ ಕಾಣುತ್ತದೆ. ಆದರೆ ಪದವಿಯ ಹೆಸರಿನಲ್ಲಿ ‘ಎಕ್ಸ್‌ಟೆನ್ಷನ್ ಸ್ಟಡೀಸ್’ (ವಿಸ್ತರಣಾ ಅಧ್ಯಯನ) ಎಂದಿರುವುದು ಮುಂದೆ ಪಿಎಚ್‌ಡಿಗೆ ಅಡ್ಡಿಯಾಗುವುದೇ ಎಂಬ ಅಳುಕಿದೆ.

ಈ ಎರಡರಲ್ಲಿ ಯಾವುದನ್ನಾದರೂ ಮುಗಿಸಿದವರು ದಯವಿಟ್ಟು ತಿಳಿಸಿ: ಕನ್ನಡ ಶಾಸನಗಳನ್ನು ಆಧರಿಸಿದ ಪ್ರಬಂಧಕ್ಕೆ ಮಾರ್ಗದರ್ಶಕರು ಸಿಕ್ಕರೇ? ಕರ್ನಾಟಕಕ್ಕೆ ಮರಳಿ ಕಾಲೇಜಿನಲ್ಲಿ ಪಾಠ ಮಾಡಲು ಬಯಸಿದಾಗ, ಒಂದೇ ವಿಷಯಕ್ಕೆ ಸೇರದ ಇಂಥ ಪದವಿಯನ್ನು ಇತಿಹಾಸ ವಿಭಾಗದವರು ಒಪ್ಪಿಕೊಂಡರೇ? ಶುಲ್ಕಕ್ಕಿಂತ ಈ ಎರಡು ಪ್ರಶ್ನೆಗಳೇ ನನ್ನನ್ನು ಹೆಚ್ಚು ಕಾಡುತ್ತಿವೆ.