ಆಫರ್‌ನಲ್ಲಿ ತಂದ ಗೀಸರ್ ಏಳೇ ತಿಂಗಳಿಗೆ ಸೋರುತ್ತಿದೆ, ವಾರಂಟಿ ಮುಗಿದಿದೆ ಅನ್ನುತ್ತಾರೆ. ಏನು ಮಾಡಲಿ?

ಲಾಸ್ಟ್ ಬಸ್ ಸ್ಟಾಪ್ (ವಿದ್ಯಾನಗರ, ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ಮನೆ ಕಟ್ಟಿ ಮುಗಿಸುವ ಹೊತ್ತಿಗೆ ಕೈ ಪೂರ್ತಿ ಖಾಲಿ. ಗೃಹಪ್ರವೇಶಕ್ಕೆ ಹನ್ನೆರಡು ದಿನ ಬಾಕಿ. ಆಗ ಊರಲ್ಲೇ ಒಂದು ಅಂಗಡಿಯಲ್ಲಿ ಸ್ಟಾಕ್ ಕ್ಲಿಯರೆನ್ಸ್ ಅಂತ ಬೋರ್ಡ್ ಹಾಕಿದ್ದರು, ಎಲ್ಲದಕ್ಕೂ 40ರಿಂದ 50 ಪರ್ಸೆಂಟ್ ಕಡಿಮೆ. ಒಂದು ವಾಶ್ ಬೇಸಿನ್, ನಾಲ್ಕು ನಲ್ಲಿ, 25 ಲೀಟರ್ ಗೀಸರ್ ತಂದೆವು. ಗೀಸರ್ ಎಂಆರ್‌ಪಿ 14,500, ನಮಗೆ ಕೊಟ್ಟಿದ್ದು 8,200ಕ್ಕೆ. ಹೆಸರಿರುವ ಕಂಪನಿಯದೇ. ಡಿಸ್‌ಪ್ಲೇ ಪೀಸ್ ಸಾರ್, ನೀರು ಕೂಡ ಮುಟ್ಟಿಲ್ಲ ಅಂದರು. ನಂಬಿದೆವು.

ಹೋದ ವಾರದಿಂದ ಕೆಳಗಿನಿಂದ ತೊಟ್ಟಿಕ್ಕುತ್ತಿದೆ. ಕಂಪನಿಗೆ ಫೋನ್ ಮಾಡಿದರೆ ಬಿಲ್ ಕೇಳಿದರು. ಬಿಲ್ ಅಂತ ನನ್ನ ಹತ್ತಿರ ಇರುವುದು ಒಂದು ಬಿಳಿ ಚೀಟಿ. ಮೇಲೆ 'ಎಸ್ಟಿಮೇಟ್' ಅಂತ ಅಚ್ಚಾಗಿದೆ, ಕೆಳಗೆ ಪೆನ್ನಲ್ಲಿ ಬರೆದ ಲೆಕ್ಕ, ಅಂಗಡಿ ಹೆಸರೂ ಇಲ್ಲ. ಪಕ್ಕಾ ಬಿಲ್ ಇಲ್ಲದಿದ್ದರೆ ಗೀಸರ್ ತಯಾರಾದ ತಿಂಗಳಿಂದಲೇ ವಾರಂಟಿ ಲೆಕ್ಕ ಹಾಕುತ್ತೇವೆ ಅಂದರು. ಸ್ಟಿಕ್ಕರ್ ನೋಡಿದರೆ ಅದು ತಯಾರಾಗಿ ಎರಡು ವರ್ಷ ನಾಲ್ಕು ತಿಂಗಳಾಗಿದೆ! ವಾರಂಟಿ ಎರಡು ವರ್ಷ, ಮುಗಿದಿದೆ ಅಂತ ಫೋನ್ ಇಟ್ಟರು. ಅಂಗಡಿಯವರು 'ಅದು ಕಂಪನಿ ಜವಾಬ್ದಾರಿ, ನಮ್ಮದೇನಿಲ್ಲ' ಅನ್ನುತ್ತಾರೆ.

ಮನೆಯವಳು ದಿನಾ ಬೆಳಿಗ್ಗೆ ಅದರ ಕೆಳಗೆ ಬಕೆಟ್ ಇಡುತ್ತಾಳೆ, ನನ್ನ ಮುಖ ನೋಡುತ್ತಾಳೆ. ಇದಕ್ಕೆ ದಾರಿ ಇದೆಯಾ, ಅಥವಾ 8,200 ನೀರಿಗೆ ಹೋಯಿತು ಅಂದುಕೊಂಡು ಸುಮ್ನೆ ಇರಬೇಕಾ?

ಕೌಂಟರ್ ಮಾಮ

ಸಾರ್, ಹದಿನೆಂಟು ವರ್ಷ ಹಾರ್ಡ್‌ವೇರ್ ಮತ್ತು ಸ್ಯಾನಿಟರಿ ಅಂಗಡಿ ಕೌಂಟರ್‌ನಲ್ಲಿ ನಿಂತವನು ನಾನು, ಈಗ ಬಿಟ್ಟಿದ್ದೇನೆ. ಅಂಗಡಿಯವರನ್ನು ಬೈಯುವ ಮೊದಲು ಒಂದು ವಿಷಯ ಹೇಳಿ. ನೀರು ಎಲ್ಲಿಂದ ತೊಟ್ಟಿಕ್ಕುತ್ತಿದೆ? ತಣ್ಣೀರು ಒಳಗೆ ಹೋಗುವ ಪೈಪಿಗೆ ಒಂದು ಸಣ್ಣ ಹಿತ್ತಾಳೆ ವಾಲ್ವ್ ಇರುತ್ತದೆ, ಪಕ್ಕದಲ್ಲಿ ಮೂತಿ ಇರುತ್ತದೆ. ನೀರು ಕಾದಾಗ ಹಿಗ್ಗುತ್ತದೆ, ಜಾಸ್ತಿಯಾದ ಒತ್ತಡ ಆ ಮೂತಿಯಿಂದ ನಾಲ್ಕು ಹನಿ ಹೊರಗೆ ಬಿಡುತ್ತದೆ. ಅದು ಸೋರಿಕೆ ಅಲ್ಲ, ಅದರ ಕೆಲಸವೇ ಅದು. ಕೆಲವರು ಅದಕ್ಕೆ ಎಂಸೀಲ್ ಮೆತ್ತಿ ಮುಚ್ಚಿಬಿಡುತ್ತಾರೆ, ದಯವಿಟ್ಟು ಹಾಗೆ ಮಾತ್ರ ಮಾಡಬೇಡಿ, ಟ್ಯಾಂಕ್ ಒಡೆಯುತ್ತದೆ.

ಕೆಳಗಿನ ಪ್ಲಾಸ್ಟಿಕ್ ಮುಚ್ಚಳದಿಂದ, ವೈರ್ ಹೋಗುವ ಕಡೆಯಿಂದ ಬರುತ್ತಿದ್ದರೆ ಮಾತ್ರ ತೊಂದರೆ. ಆಗ ಮೊದಲು ಎಂಸಿಬಿ, ಅಂದರೆ ಗೀಸರ್‌ಗೆ ಕರೆಂಟ್ ಕಟ್ ಮಾಡುವ ಸ್ವಿಚ್, ಇಳಿಸಿ. ಕಾಯಿಲ್ ಕೂರಿಸುವ ಜಾಗದ ರಬ್ಬರ್ ಗ್ಯಾಸ್ಕೆಟ್ ಹೋಗಿರಬಹುದು, ಇಲ್ಲವೇ ಒಳ ಟ್ಯಾಂಕೇ ತೂತಾಗಿರಬಹುದು. ಎರಡಕ್ಕೂ ವಾರಂಟಿ ಬೇರೆ ಬೇರೆ.

ಕಾರ್ಡ್ ಹುಡುಕಿ ಪೂರ್ತಿ ಓದಿ. ಪುಟ್ಟ ಅಕ್ಷರದಲ್ಲಿ ಮೂರು ಸಾಲು ಇರುತ್ತದೆ, ಇಡೀ ಗೀಸರ್‌ಗೆ ಇಷ್ಟು ವರ್ಷ, ಕಾಯಿಲ್‌ಗೆ ಇಷ್ಟು, ಒಳ ಟ್ಯಾಂಕ್‌ಗೆ ಇಷ್ಟು ಅಂತ. ಟ್ಯಾಂಕ್‌ಗೆ ಐದು, ಏಳು ವರ್ಷ ಕೊಡುವವರೇ ಜಾಸ್ತಿ. ಫೋನ್ ಎತ್ತಿದ ಹುಡುಗ ಮೊದಲನೇ ಸಾಲು ಮಾತ್ರ ಓದಿರುತ್ತಾನೆ.

ಲಾಸ್ಟ್ ಬಸ್ ಸ್ಟಾಪ್

ವಾಲ್ವ್ ಅಲ್ಲ ಮಾಮ. ವೈರ್ ಹತ್ತಿರದಿಂದಲೇ ಬರುತ್ತಿದೆ, ನೀರು ಸ್ವಲ್ಪ ಕೆಂಪಗಿದೆ. ಎಂಸಿಬಿ ಇಳಿಸಿದೆ. ಕಾರ್ಡ್ ಸಿಕ್ಕಿತು: ಗೀಸರ್ 2, ಕಾಯಿಲ್ 2, ಟ್ಯಾಂಕ್ 5 ವರ್ಷ. ನಾನು '2' ನೋಡಿ ಮಡಚಿ ಇಟ್ಟಿದ್ದೆ. ಆದರೆ ಡೀಲರ್ ಸೀಲ್ ಹಾಕುವ ಜಾಗ ಖಾಲಿ ಇದೆ.

ಕೌಂಟರ್ ಮಾಮ

ಕೆಂಪಗಿದ್ದರೆ ತುಕ್ಕು, ಟ್ಯಾಂಕೇ ಇರಬೇಕು. ಅವರ ಲೆಕ್ಕದಲ್ಲೇ, ತಯಾರಾದ ತಿಂಗಳಿಂದ ಹಿಡಿದರೂ ನಿಮಗೆ ಇನ್ನೂ ಎರಡೂವರೆ ವರ್ಷ ಬಾಕಿ ಇದೆ. ವಾಪಸ್ ಫೋನ್ ಮಾಡಿ, ಟ್ಯಾಂಕ್ ಲೀಕ್ ಅಂತಲೇ ದೂರು ಬರೆಸಿ, ದೂರಿನ ನಂಬರ್ ತೆಗೆದುಕೊಳ್ಳಿ. ಬಿಲ್ ಇಲ್ಲದಿದ್ದರೆ ಟ್ಯಾಂಕ್ ಕೊಟ್ಟರೂ ಕೂಲಿ, ವಿಸಿಟ್ ಚಾರ್ಜ್ ಅಂತ ಕೇಳುತ್ತಾರೆ, ಅದಕ್ಕೆ ತಯಾರಿರಿ.

ಈಗ ಆಫರ್ ವಿಷಯ. ಅಂಗಡಿಯಲ್ಲಿ ಬೆಲೆ ಸುಮ್ನೆ ಇಳಿಯುವುದಿಲ್ಲ ಸಾರ್. ಮಾಡೆಲ್ ನಿಂತುಹೋಗಿರುತ್ತದೆ, ಇಲ್ಲ ಬಾಕ್ಸ್ ಒದ್ದೆಯಾಗಿರುತ್ತದೆ, ಇಲ್ಲ ಟೈಲ್ಸ್ ಆದರೆ ಬ್ಯಾಚಿನಲ್ಲಿ ಹತ್ತೇ ಬಾಕ್ಸ್ ಉಳಿದಿರುತ್ತದೆ. ಇವೆಲ್ಲ ನ್ಯಾಯವಾದ ಕಾರಣಗಳೇ, ಕೇಳಿ ತಿಳಿದುಕೊಂಡು ತಂದರೆ ಲಾಭ. ನಮ್ಮ ಮನೆ ಅಡುಗೆಮನೆ ಸಿಂಕ್ ಹಾಗೇ ತಂದದ್ದು, ಮೂಲೆಯಲ್ಲಿ ಬೆರಳಗಲ ಗೀರು ಇತ್ತು, ಅರ್ಧ ಬೆಲೆ. ಹನ್ನೊಂದು ವರ್ಷ ಆಯಿತು.

ಆದರೆ ನಿಮಗೆ ಕೊಟ್ಟ ಥರ ಬಿಳಿ ಚೀಟಿ ಕೊಟ್ಟರೆ, ಆ ಕಡಿತದಲ್ಲಿ ಒಂದು ಪಾಲು ಬಂದದ್ದು ಟ್ಯಾಕ್ಸ್‌ನಿಂದ. ಗೀಸರ್ ಮೇಲೆ ಜಿಎಸ್‌ಟಿ 18 ಪರ್ಸೆಂಟ್. ಎಂಆರ್‌ಪಿ ಅಂದರೆ ಎಲ್ಲ ಟ್ಯಾಕ್ಸ್ ಸೇರಿದ ಬೆಲೆ, 'ಬಿಲ್ ಬೇಕಾದರೆ ಮೇಲೆ 18 ಆಗುತ್ತದೆ' ಅನ್ನುವುದೇ ಮೋಸದ ಮಾತು. ನಾನೂ ಆ ಮಾತು ಹೇಳಿ ಮಾಲು ಮಾರಿದ್ದೇನೆ, ಸುಳ್ಳು ಹೇಳಿ ಏನಾಗಬೇಕು.

ಇನ್ನೊಂದು. ಆ 14,500 ನೋಡಿ ಖುಷಿಪಡಬೇಡಿ. ಆ ಬೆಲೆಗೆ ಗೀಸರ್ ಯಾರೂ ಮಾರುವುದಿಲ್ಲ. ಅದೇ ಮಾಡೆಲ್ ಬೇರೆ ಕಡೆ ಎಷ್ಟಿತ್ತು ನೋಡಿದ್ದೀರಾ?

ಲಾಸ್ಟ್ ಬಸ್ ಸ್ಟಾಪ್

ಈಗ ನೋಡಿದೆ. ಆನ್‌ಲೈನ್‌ನಲ್ಲಿ 8,900, ಬಿಲ್ ಸಮೇತ. 700 ರೂಪಾಯಿಗೆ ಇಷ್ಟೆಲ್ಲ ಆಯಿತು. ಮನೆಯವಳಿಗೆ ಇನ್ನೂ ಹೇಳಿಲ್ಲ.

ಕೋಟೆ ಊರಿನವಳು (ಚಿತ್ರದುರ್ಗ)

ಅಣ್ಣ, ನಿಮ್ಮದು 700, ನಮ್ಮದು ಇಡೀ ಹಾಲ್. ನಾವು ಟೈಲ್ಸ್ ಲಾಟ್‌ನಲ್ಲಿ, ಅಂದರೆ ಉಳಿದ ಮಾಲು ಒಟ್ಟಿಗೆ ಮಾರುವಾಗ, ತಂದೆವು, ಎರಡು ಅಡಿಗೆ ಎರಡು ಅಡಿ, 26 ಬಾಕ್ಸ್. ಒಂದೇ ಡಿಸೈನ್, ಒಂದೇ ಹೆಸರು. ಅದರಲ್ಲಿ ಮೂರು ಬಾಕ್ಸ್ ಬೇರೆ ಬ್ಯಾಚ್ ಅಂತ ನಮಗೆ ಗೊತ್ತಾಗಿದ್ದು ಹಾಕಿದ ಮೇಲೆ. ಟ್ಯೂಬ್‌ಲೈಟ್ ಬೆಳಕಿನಲ್ಲಿ ಏನೂ ಕಾಣುತ್ತಿರಲಿಲ್ಲ. ಮಧ್ಯಾಹ್ನ ಮೂರು ಗಂಟೆಗೆ ಕಿಟಕಿಯಿಂದ ಬಿಸಿಲು ಬಿದ್ದಾಗ ನೋಡಬೇಕು, ಹನ್ನೆರಡು ಕಲ್ಲು ಬೇರೆಯಾಗಿ ಎದ್ದು ಕಾಣುತ್ತವೆ, ಯಾರೋ ಅಲ್ಲಿ ಮಾತ್ರ ಒದ್ದೆ ಬಟ್ಟೆಯಲ್ಲಿ ಒರೆಸಿದ ಹಾಗೆ. ಅಂಗಡಿಗೆ ಹೋದರೆ ಬಾಕ್ಸ್ ಪಕ್ಕ ತೋರಿಸಿದರು: ಹಾಕಿದ ಮೇಲೆ ದೂರು ತೆಗೆದುಕೊಳ್ಳುವುದಿಲ್ಲ ಅಂತ ಅಚ್ಚಾಗಿದೆ. ಅದು ನಿಜ ಕೂಡ, ಟೈಲ್ಸ್‌ನಲ್ಲಿ ಎಲ್ಲರೂ ಹಾಗೇ.

ಬಾಕ್ಸ್ ಮೇಲೆ ಬ್ಯಾಚ್ ನಂಬರ್, ಶೇಡ್ ನಂಬರ್ ಇರುತ್ತದೆ. ಆಟೋದಿಂದ ಇಳಿಸುವಾಗಲೇ ಎಲ್ಲ ಬಾಕ್ಸ್ ಓದಿ. ಮೇಸ್ತ್ರಿಗೆ ಹೇಳಿ ಸಿಮೆಂಟ್ ಕಲಸುವ ಮೊದಲು ಒಣದಾಗಿ ಹಾಸಿಸಿ, ಬಿಸಿಲಲ್ಲಿ ನೋಡಿ. ಲಾಟ್ ಮಾಲು ಮತ್ತೆ ಸಿಗುವುದಿಲ್ಲ, ಎರಡು ಬಾಕ್ಸ್ ಜಾಸ್ತಿ ತಂದು ಮಂಚದ ಕೆಳಗೆ ಇಟ್ಟುಬಿಡಿ. ನಮ್ಮ ಹನ್ನೆರಡು ಕಲ್ಲಿನ ಮೇಲೆ ಈಗ ಸೋಫಾ ಇದೆ. ಸೋಫಾ ಇರಬೇಕಾದ ಜಾಗ ಅದಲ್ಲ, ಬಂದವರೆಲ್ಲ ಕೇಳುತ್ತಾರೆ.

ಹೊಳೆ ದಂಡೆ (ಹರಿಹರ)

ಪ್ಲಂಬಿಂಗ್ ಕೆಲಸ ನನ್ನದು. ಒಂದು ಪ್ರಶ್ನೆ: ನಿಮ್ಮ ಮನೆಗೆ ಹೊಳೆ ನೀರಾ, ಬೋರ್ ನೀರಾ? ಬೋರ್ ಆದರೆ ಮೆಕ್ಯಾನಿಕ್ ಬಂದ ತಕ್ಷಣ 'ಗಡಸು ನೀರು, ವಾರಂಟಿ ಬರುವುದಿಲ್ಲ' ಅನ್ನಬಹುದು. ಕೆಲವು ಕಾರ್ಡ್‌ನಲ್ಲಿ ಆ ಷರತ್ತು ಇರುತ್ತದೆ, ಕೆಲವದರಲ್ಲಿ ಇರುವುದಿಲ್ಲ. ಅವರ ಬಾಯಿಮಾತಿಗೆ ತಲೆ ಆಡಿಸಬೇಡಿ, ಕಾರ್ಡ್‌ನಲ್ಲಿ ಎಲ್ಲಿದೆ ತೋರಿಸಿ ಅನ್ನಿ.

ಹಾಗೇ ಪ್ರೆಶರ್ ಜಾಸ್ತಿ ಇತ್ತು ಅಂತಲೂ ಹೇಳುತ್ತಾರೆ. ಮಹಡಿ ಮೇಲಿನ ಟ್ಯಾಂಕ್‌ನಿಂದ ಹತ್ತು ಮೀಟರ್ ಕೆಳಗೆ ಬಂದರೆ ಒಂದು ಬಾರ್ ಒತ್ತಡ. ನಿಮ್ಮ ಮನೆ ಒಂದೇ ಮಹಡಿಯದಾದರೆ ಅಷ್ಟೂ ಇರುವುದಿಲ್ಲ. ಗೀಸರ್ ಮೇಲೆಯೇ ಎಷ್ಟು ಬಾರ್ ತಡೆಯುತ್ತದೆ ಅಂತ ಬರೆದಿರುತ್ತದೆ, ಓದಿಕೊಂಡಿರಿ. ಪ್ರೆಶರ್ ಪಂಪ್ ಹಾಕಿಸಿದ್ದರೆ ಮಾತು ಬೇರೆ.

ಬೋರ್ ನೀರಿನವರು ಒಳಗಿನ ಮೆಗ್ನೀಸಿಯಂ ರಾಡ್ ವರ್ಷಕ್ಕೊಮ್ಮೆ ತೆಗೆಸಿ ನೋಡಬೇಕು. ಟ್ಯಾಂಕ್‌ಗೆ ತುಕ್ಕು ಹಿಡಿಯುವ ಬದಲು ಆ ರಾಡ್ ತಾನು ಸವೆಯುತ್ತದೆ. ಅದು ಪೂರ್ತಿ ಕರಗಿದ ಮೇಲೆ ಟ್ಯಾಂಕ್ ಸರದಿ. ಈ ರಾಡ್ ಇದೆ ಅಂತಲೇ ಎಷ್ಟೋ ಮನೆಯವರಿಗೆ ಗೊತ್ತಿಲ್ಲ.

ಮಂಡಕ್ಕಿ ಮಿರ್ಚಿ

ಸುಮ್ನೆ ಎಲ್ಲ ಆನ್‌ಲೈನ್‌ನಲ್ಲಿ ತಗೊಳ್ಳಿ ಗುರುವೇ, ತಲೆನೋವೇ ಇಲ್ಲ.

ಕೌಂಟರ್ ಮಾಮ

ಆನ್‌ಲೈನ್ ವಾಶ್ ಬೇಸಿನ್ ಒಡೆದು ಬಂದದ್ದು ನಾನು ಎಷ್ಟು ನೋಡಿಲ್ಲ. ಬಾಕ್ಸ್ ಬಿಚ್ಚುವಾಗ ವಿಡಿಯೊ ಮಾಡಲಿಲ್ಲ ಅಂದರೆ ಅಲ್ಲೂ ಇದೇ ಗೋಳು. ಎಲ್ಲಿ ತಂದರೂ ಐಎಸ್‌ಐ ಗುರುತು ನೋಡಿ, ಸ್ಟೋರೇಜ್ ಗೀಸರ್‌ಗೆ ಐಎಸ್ 2082 ಅಂತ ಇರಬೇಕು. ಕೆಳಗೆ ಸಿಎಂ/ಎಲ್ ಅಂತ ಒಂದು ನಂಬರ್ ಇರುತ್ತದೆ, ಐಎಸ್‌ಐ ಗುರುತು ಕೊಡುವ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಆ ಲೈಸೆನ್ಸ್ ಯಾರದ್ದು ಅಂತ ಬರುತ್ತದೆ. ಎರಡು ನಿಮಿಷದ ಕೆಲಸ.

ಅಶೋಕ ರಸ್ತೆ

ಅಂಗಡಿಯವನನ್ನು ಅಷ್ಟು ಸುಲಭಕ್ಕೆ ಬಿಡಬೇಡಿ. ನನಗೆ ಹಳೇ ಮೋಟರ್‌ ಪಂಪ್ ವಿಷಯದಲ್ಲಿ ಇದೇ ಆಗಿತ್ತು, ಆಗ ಓದಿಕೊಂಡದ್ದು ಹೇಳುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಬಿಲ್ ಕೊಡದೆ ಇರುವುದೇ ಅನುಚಿತ ವ್ಯಾಪಾರ. ಕೆಟ್ಟ ಮಾಲನ್ನು ಬಿಲ್‌ನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಬರೆದಿಲ್ಲದಿದ್ದರೆ 30 ದಿನದೊಳಗೆ ವಾಪಸ್ ತೆಗೆದುಕೊಳ್ಳಲು ಒಪ್ಪದಿರುವುದೂ ಅದೇ ಸಾಲಿಗೆ ಬರುತ್ತದೆ. ನಿಮಗೆ ಏಳು ತಿಂಗಳಾಗಿದೆ, ಹಾಗಾಗಿ ಎರಡನೆಯದು ಬಿಡಿ, ಮೊದಲನೆಯದು ಹಿಡಿಯಿರಿ.

ದುಡ್ಡು ಹೇಗೆ ಕೊಟ್ಟಿರಿ? ಯುಪಿಐ ಆಗಿದ್ದರೆ ಅದೇ ಸಾಕ್ಷಿ. ತಾರೀಕು, ಮೊತ್ತ, ಯಾರ ಖಾತೆ, ಎಲ್ಲ ಇರುತ್ತದೆ. ಅದನ್ನೂ ಬಿಳಿ ಚೀಟಿಯನ್ನೂ ಗೀಸರ್ ಸೀರಿಯಲ್ ನಂಬರ್‌ನ ಫೋಟೊವನ್ನೂ ಒಟ್ಟಿಗೆ ಇಟ್ಟುಕೊಳ್ಳಿ. ಮೊದಲು 1915ಕ್ಕೆ ಫೋನ್ ಮಾಡಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ಅವರು ಕಂಪನಿಗೆ ದೂರು ಕಳಿಸುತ್ತಾರೆ. ನನ್ನದು ಅಷ್ಟಕ್ಕೇ ಮುಗಿಯಿತು.

ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ವಕೀಲರು ಬೇಕೇಬೇಕು ಅಂತಿಲ್ಲ. 5 ಲಕ್ಷದವರೆಗಿನ ಮಾಲಿಗೆ ಶುಲ್ಕ ಇಲ್ಲ. ತೊಂದರೆ ಆದ ಎರಡು ವರ್ಷದೊಳಗೆ ಹಾಕಬೇಕು. ಕಂಪನಿ ಮುಂಬೈಯಲ್ಲಿರಲಿ, ದೆಹಲಿಯಲ್ಲಿರಲಿ, ನೀವು ಇರುವ ಊರಲ್ಲೇ ಹಾಕಬಹುದು. ಆದರೆ ಒಂದು ಮಾತು, 8,200ಕ್ಕೆ ಓಡಾಡುವ ತಾಳ್ಮೆ ಇದೆಯಾ ನೋಡಿಕೊಳ್ಳಿ. ನನಗಂತೂ ಇರಲಿಲ್ಲ, 1915ರಲ್ಲಿ ಮುಗಿದದ್ದು ಪುಣ್ಯ.

ಲಾಸ್ಟ್ ಬಸ್ ಸ್ಟಾಪ್

ಮೂರು ವಾರ ಆಯಿತು, ಏನಾಯಿತು ಅಂತ ಹೇಳಿಬಿಡುತ್ತೇನೆ.

ಯುಪಿಐನಲ್ಲೇ ಕೊಟ್ಟಿದ್ದೆ. ಸ್ಕ್ರೀನ್‌ಶಾಟ್ ಪ್ರಿಂಟ್ ಹಾಕಿಸಿ ಅಂಗಡಿಗೆ ಹೋದೆ. ಜಗಳ ಆಡಲಿಲ್ಲ. ವಾರಂಟಿ ಕಾರ್ಡ್ ಕೌಂಟರ್ ಮೇಲಿಟ್ಟು, ಸೀಲ್ ಹಾಕಿ, ಮಾರಿದ ತಾರೀಕು ಬರೆದು ಕೊಡಿ ಸಾಕು ಅಂದೆ. ಓನರ್ ಸೋಮವಾರ ಬನ್ನಿ ಅಂದರು. ಸೋಮವಾರ ಹೋದರೆ ಊರಲ್ಲಿಲ್ಲ. ಅಲ್ಲೇ ನಿಂತು, ಗಿರಾಕಿಗಳು ನಾಲ್ಕು ಜನ ಇರುವಾಗಲೇ 1915ಕ್ಕೆ ಫೋನ್ ಹಚ್ಚಿದೆ. ಕೌಂಟರ್ ಹುಡುಗ ಒಳಗೆ ಹೋದ. ಊರಲ್ಲಿಲ್ಲದ ಓನರ್ ಗೋಡೌನ್‌ನಿಂದ ಹೊರಗೆ ಬಂದರು! ಲೆಟರ್‌ಹೆಡ್‌ನಲ್ಲಿ ಸೀರಿಯಲ್ ನಂಬರ್, ತಾರೀಕು ಬರೆದು, ಕಾರ್ಡ್‌ಗೂ ಸೀಲ್ ಒತ್ತಿ ಕೊಟ್ಟರು.

ಕಂಪನಿ ಮೆಕ್ಯಾನಿಕ್ ಬಂದ. ಹೊಳೆ ದಂಡೆಯವರು ಹೇಳಿದ ಹಾಗೇ ಮೊದಲ ಮಾತು 'ಬೋರ್ ನೀರಾ ಸಾರ್?' ಕಾರ್ಡ್‌ನಲ್ಲಿ ಎಲ್ಲಿದೆ ತೋರಿಸಪ್ಪ ಅಂದೆ, ತಿರುಗಿಸಿ ತಿರುಗಿಸಿ ನೋಡಿ ಸುಮ್ಮನಾದ. ಬಿಚ್ಚಿದಾಗ ಕಾಯಿಲ್‌ಗೆ ಸುಣ್ಣ ಮೆತ್ತಿಕೊಂಡು ಹೆಬ್ಬೆರಳು ದಪ್ಪ ಆಗಿತ್ತು. ರಾಡ್ ಇದ್ದ ಜಾಗದಲ್ಲಿ ಬರೀ ಒಂದು ತಂತಿ. ಟ್ಯಾಂಕ್ ಬೆಸುಗೆ ಹತ್ತಿರ ಸೂಜಿಮೊನೆ ಅಷ್ಟು ತೂತು. ಟ್ಯಾಂಕ್ ಬದಲಾಯಿಸಿ ಕೊಟ್ಟರು, ಕೂಲಿ ತೆಗೆದುಕೊಳ್ಳಲಿಲ್ಲ. ಎರಡು ಕನೆಕ್ಷನ್ ಪೈಪ್‌ಗೆ 350 ನನ್ನ ಕೈಯಿಂದ ಹೋಯಿತು. ಅಂದರೆ ಆ 700ರಲ್ಲಿ ಇನ್ನೂ 350 ಲಾಭ ಇದೆ ಅಂತ ಮನೆಯವಳಿಗೆ ಲೆಕ್ಕ ಹೇಳಿದೆ. ಅವಳು ಓಡಾಡಿದ ಪೆಟ್ರೋಲ್ ಕೇಳಿದಳು.

ಎಲ್ಲರಿಗೂ ಥ್ಯಾಂಕ್ಸ್, ಮಾಮನಿಗೆ ಜಾಸ್ತಿ. ಹಾಂ, ಲೆಟರ್ ತೆಗೆದುಕೊಂಡು ಅಂಗಡಿಯಿಂದ ಹೊರಡುವಾಗ ಓನರ್ ಕರೆದು, 'ಸಾರ್, ಚಿಮಣಿ ಆಫರ್ ಇದೆ, ನಿಮಗಾದರೆ ಇನ್ನೂ ಕಡಿಮೆ ಮಾಡುತ್ತೇನೆ' ಅಂದರು. ಪಕ್ಕಾ ಬಿಲ್ ಕೊಡುತ್ತೀರಾ ಅಂತ ಕೇಳಿದೆ.

'ಅದಕ್ಕೆ ರೇಟ್ ಬೇರೆ ಸಾರ್' ಅಂದರು.