‘ಬಲಿಯದ ಎನಾಮಲ್’ ಅಂದರೆ ಸರಿಯೇ? ಹಲ್ಲಿನ ಬೆಳವಣಿಗೆ ದೋಷಗಳಿಗೆ ಪದ ಬೇಕು

ಎಲ್ಲರಿಗೂ ನಮಸ್ಕಾರ.

ನಾನು ಮಕ್ಕಳ ಹಲ್ಲಿನ ವೈದ್ಯೆ. ದವಡೆಯೊಳಗೆ ರೂಪುಗೊಳ್ಳುವಾಗಲೇ ದೋಷ ಬಂದ ಹಲ್ಲುಗಳ ಬಗ್ಗೆ ತಂದೆತಾಯಿಗೆ ಕೊಡಲು ಎರಡು ಪುಟ ಬರೆಯುತ್ತಿದ್ದೇನೆ. ಮೊದಲ ಪುಟದಲ್ಲೇ ಪದ ಸಿಗದೆ ನಿಂತಿದ್ದೇನೆ.

ಈಚೆಗೆ 7 ವರ್ಷದ ಹುಡುಗಿಯೊಬ್ಬಳು ಬಂದಿದ್ದಳು. ಶಾಶ್ವತ ದವಡೆಹಲ್ಲು ಮೂಡಿ ವರ್ಷವೂ ಆಗಿಲ್ಲ. ಆಗಲೇ ಒಂದು ಮೂಲೆ ಹಳದಿಗೆ ತಿರುಗಿ, ಚೂಪಾಗಿ ಮುರಿದಿತ್ತು. ಗಾಳಿ ತಾಗಿದರೂ ಜುಮ್ ಅನ್ನುತ್ತಿತ್ತು. ಆ ನೋವಿಗೆ ಆ ಕಡೆ ಬ್ರಷ್ ಹಾಕುವುದನ್ನೇ ಮಗು ಬಿಟ್ಟಿತ್ತು. “ಹುಳುಕು ಅಂದ್ರು. ನಾನೇ ಸರಿಯಾಗಿ ಉಜ್ಜಿಸಲಿಲ್ವೇನೋ” ಅಂತ ತಾಯಿ ಅತ್ತರು. ಆದರೆ ಅದು ಹುಳುಕಿನಿಂದ ಶುರುವಾದದ್ದಲ್ಲ. ಆ ಹಲ್ಲಿನ ಎನಾಮಲ್, ಅಂದರೆ ಮೇಲಿನ ಗಟ್ಟಿ ಹೊದಿಕೆ, ರೂಪುಗೊಳ್ಳುವುದು ಹುಟ್ಟಿನ ಆಸುಪಾಸಿನಿಂದ ಸುಮಾರು 3 ವರ್ಷದೊಳಗೆ. ಹಲ್ಲು ಬಾಯಿಗೆ ಬರುವುದು 6ರ ಹೊತ್ತಿಗೆ. ಬ್ರಷ್ ಮುಟ್ಟುವ ಮೊದಲೇ ದೋಷ ಅಲ್ಲಿತ್ತು. ಒಂದು ತಪ್ಪು ಪದ ಆ ತಾಯಿಯ ತಲೆಮೇಲೆ ತಪ್ಪು ಹೊರಿಸಿತ್ತು.

ಇನ್ನು ಪದದ ವಿಷಯ. ಎನಾಮಲ್ ಎರಡು ಹಂತದಲ್ಲಿ ಆಗುತ್ತದೆ. ಮೊದಲು ಜೀವಕೋಶಗಳು ಪದರ ಹಾಕುತ್ತವೆ. ಆಮೇಲೆ ಅದರಲ್ಲಿ ಖನಿಜ ತುಂಬಿ ಗಟ್ಟಿ ಮಾಡುತ್ತವೆ. ಮೊದಲ ಹಂತ ಕೆಟ್ಟರೆ ಪದರವೇ ಕಮ್ಮಿ: ಗುಳಿ, ಗೀರು, ತೆಳುವಾದ ಜಾಗ. ಎರಡನೆಯದು ಕೆಟ್ಟರೆ ದಪ್ಪ ಸರಿಯಾಗಿರುತ್ತದೆ, ಆದರೆ ಮೆದು. ಬಿಳಿ, ಹಳದಿ, ಕಂದು ಮಚ್ಚೆ ಕಾಣುತ್ತದೆ, ಅಗಿಯುವಾಗ ಚಕ್ಕೆ ಏಳುತ್ತದೆ. ಅಂಚು ನೋಡಿದರೂ ಗೊತ್ತಾಗುತ್ತದೆ: ಪದರ ಕಮ್ಮಿಯಾದ ಕಡೆ ಅಂಚು ನುಣುಪು, ಆಮೇಲೆ ಮುರಿದ ಕಡೆ ಒರಟು. ನಾವು ಇವಕ್ಕೆ ಹೈಪೋಪ್ಲೇಸಿಯಾ, ಹೈಪೋಮಿನರಲೈಸೇಶನ್ ಅನ್ನುತ್ತೇವೆ. ಕನ್ನಡದಲ್ಲಿ ಎರಡಕ್ಕೂ ಸುಮ್ನೆ ‘ದಂತಕವಚ ದೋಷ’ ಅಂತ ಬರೆದರೆ ವ್ಯತ್ಯಾಸವೇ ಹೋಗುತ್ತದೆ.

ಮೊದಲನೆಯದಕ್ಕೆ ‘ಕೊರೆಬಿದ್ದ ಎನಾಮಲ್’ ಅಂತ ಇಟ್ಟಿದ್ದೇನೆ. ಎರಡನೆಯದಕ್ಕೆ ಮೊದಲು ಹೊಳೆದದ್ದು ‘ಜಳ್ಳು’. ಆಕಾರ ತುಂಬಿದೆ, ಒಳಗೆ ಕಾಳಿಲ್ಲ. ಅರ್ಥ ತುಂಬಾ ಹತ್ತಿರ. ಆದರೆ ಮಗುವಿನ ಹಲ್ಲಿಗೆ ಜಳ್ಳು ಅನ್ನಲು ಮನಸ್ಸು ಒಪ್ಪಲಿಲ್ಲ. ಆಮೇಲೆ ‘ಬಲಿಯದ ಎನಾಮಲ್’ ಸಿಕ್ಕಿತು. ಬಲಿಯುವುದು ಅಂದರೆ ಬೆಳೆದು ಹದಕ್ಕೆ ಬರುವುದೂ ಹೌದು, ಗಟ್ಟಿಯಾಗುವುದೂ ಹೌದು. ಈ ಹಂತದ ಕೆಲಸವೇ ಅದು ಅಲ್ವಾ? ಡಚ್ಚರು ಇಂಥ ದವಡೆಹಲ್ಲನ್ನು ‘ಚೀಸ್ ಹಲ್ಲು’ ಅಂತಲೇ ಕರೆಯುತ್ತಾರೆ. ದವಡೆಹಲ್ಲು, ಬಾಚಿಹಲ್ಲುಗಳ ಈ ತೊಂದರೆಗೆ ವೈದ್ಯರು ಒಂದು ಒಪ್ಪಿತ ಹೆಸರು ಸೂಚಿಸಿದ್ದೇ 2001ರಲ್ಲಿ.

ಆದರೆ ಒಂದು ಅಳುಕು. ಬಲಿಯದ ಕಾಯಿ ನಾಳೆ ಬಲಿಯುತ್ತದೆ. ಬಲಿಯದ ಎನಾಮಲ್ ಹಾಗಲ್ಲ. ಹಲ್ಲು ಹೊರಬರುವ ಹೊತ್ತಿಗೆ ಅದನ್ನು ಕಟ್ಟುವ ಕೋಶಗಳೇ ಇರುವುದಿಲ್ಲ. ಪದ ಓದಿ “ದೊಡ್ಡವಳಾದ ಮೇಲೆ ಸರಿಹೋಗುತ್ತೆ” ಅಂತ ಯಾರಾದರೂ ಕಾದರೆ ಹಲ್ಲೇ ಹೋದೀತು. ಬೇಗ ಬಂದರೆ ಫ್ಲೋರೈಡ್ ವಾರ್ನಿಶ್, ಸೀಲೆಂಟ್ (ಹಲ್ಲಿನ ಸಂದು ಮುಚ್ಚುವ ಲೇಪ), ಫಿಲ್ಲಿಂಗ್‌ಗಳಲ್ಲಿ ಕೆಲಸ ಆಗಬಹುದು. ಜಾಸ್ತಿ ಮುರಿದಿದ್ದರೆ ಸ್ಟೀಲ್ ಕ್ಯಾಪ್ ಹಾಕುತ್ತೇವೆ. ಉಳಿಸಲು ಆಗದಿದ್ದರೆ ಸರಿಯಾದ ವಯಸ್ಸಿಗೆ ಕಿತ್ತು, ಹಿಂದಿನ ದವಡೆಹಲ್ಲು ಆ ಜಾಗಕ್ಕೆ ಸರಿಯಲು ಬಿಡುವುದೂ ಉಂಟು. ಅದಕ್ಕೆ ಎಕ್ಸ್‌ರೇ ನೋಡಿ ಲೆಕ್ಕ ಹಾಕಬೇಕು.

ಆಕಾರದ ದೋಷಗಳಿಗೆ ಪದ ಸುಲಭವಾಗಿ ಸಿಕ್ಕವು. ಹಲ್ಲಿನ ಒಂದೇ ಮೊಳಕೆ ಎರಡಾಗಲು ಹೊರಟು ನಿಂತರೆ ‘ಕವಲುಹಲ್ಲು’, ಎರಡು ಮೊಳಕೆ ಅಂಟಿಕೊಂಡರೆ ‘ಕೂಡುಹಲ್ಲು’. ಯಾವುದು ಅಂತ ತಿಳಿಯಲು, ಜೋಡಿಯನ್ನು ಒಂದು ಅಂತ ಹಿಡಿದು ಸಾಲಿನ ಹಲ್ಲು ಎಣಿಸಿ. ಸಾಲು ಭರ್ತಿಯಾದರೆ ಸಾಮಾನ್ಯವಾಗಿ ಕವಲು, ಒಂದು ಕಮ್ಮಿ ಬಿದ್ದರೆ ಕೂಡು. (ಹೆಚ್ಚುವರಿ ಹಲ್ಲಿನ ಜೊತೆ ಅಂಟಿದ್ದರೆ ಮಾತ್ರ ಈ ಎಣಿಕೆ ಮೋಸ ಮಾಡುತ್ತದೆ.) ‘ಹಲ್ಲಿನೊಳಗೆ ಹಲ್ಲು’ ಅನ್ನುವುದನ್ನು ಮಾತ್ರ ಬಿಡೋಣ ಅನ್ನಿಸುತ್ತದೆ. ಒಳಗೆ ಇನ್ನೊಂದು ಹಲ್ಲು ಇರುವುದಿಲ್ಲ. ಹಲ್ಲು ಗಟ್ಟಿಯಾಗುವ ಮುಂಚೆ ಎನಾಮಲ್ ಒಳಕ್ಕೆ ಮಡಚಿಕೊಂಡಿರುತ್ತದೆ, ಅಷ್ಟೆ. ‘ಒಳಮಡಿಕೆ’ ಅಂದರೆ ಅದರ ಸಣ್ಣ ಗುಳಿಯನ್ನು ಬೇಗ ಮುಚ್ಚಿಸಬೇಕು ಅನ್ನುವುದೂ ಅರ್ಥವಾಗುತ್ತದೆ. ಬಿಟ್ಟರೆ ಮೇಲೆ ಏನೂ ಕಾಣದೆಯೇ ಒಳಗಿನ ನರಕ್ಕೆ ಸೋಂಕು ಇಳಿಯಬಹುದು.

ಇಡೀ ಗುಂಪಿಗೆ ‘ಬೆಳವಣಿಗೆ ದೋಷ’ ಅಂತಲೇ ಬರೆಯುತ್ತೇನೆ. ‘ವಿಕೃತಿ’ ಖಂಡಿತ ಬೇಡ, ಮಗುವೂ ಅದನ್ನು ಓದುತ್ತದೆ.

ನನಗೆ ಬೇಕಿರುವುದು ಇಷ್ಟು: ‘ಬಲಿಯದೆ ಉಳಿದ ಎನಾಮಲ್’ ಅಂದರೆ ‘ಇನ್ನು ಬಲಿಯುವುದಿಲ್ಲ’ ಅನ್ನುವುದು ನಿಮ್ಮ ಕಿವಿಗೆ ಕೇಳುತ್ತದೆಯೇ? ಅಥವಾ ಕಾಯಿ, ಕಾಳು, ಮರದ ವಿಷಯದಲ್ಲಿ, ಬಲಿಯುವ ಹೊತ್ತು ಮೀರಿಹೋದದ್ದಕ್ಕೆ ನಿಮ್ಮ ಕಡೆ ಬೇರೆ ಮಾತಿದೆಯೇ? ಇದ್ದರೆ, ಬಳಸುವ ಒಂದು ವಾಕ್ಯದ ಜೊತೆ ದಯವಿಟ್ಟು ತಿಳಿಸಿ.