ಅಪ್‌ಡೇಟ್: ನಸುಕಿನಲ್ಲೇ ಎಬ್ಬಿಸುತ್ತಿದ್ದ ಬೆಕ್ಕಿನ ಊಟದ ವೇಳೆ

ದಾವಣಗೆರೆಯ ನಮ್ಮ ಮನೆಯ 3 ವರ್ಷದ ಬೆಕ್ಕು ನಸುಕಿನ 4 ಗಂಟೆಗೇ ಊಟಕ್ಕಾಗಿ ಕೂಗಿ ಎಬ್ಬಿಸುತ್ತದೆ, ಏನು ಮಾಡಲಿ ಎಂದು 12 ದಿನಗಳ ಹಿಂದೆ ಕೇಳಿದ್ದೆ. ತಟ್ಟೆಯನ್ನು ಸದಾ ತುಂಬಿಡುವ ಸಲಹೆ ನಮ್ಮಲ್ಲಿ ಫಲಿಸಲಿಲ್ಲ. ಬೆಕ್ಕಿಗಿಂತ ಮೊದಲು ಇರುವೆಗಳೇ ಪಂಕ್ತಿಗೆ ಕುಳಿತವು. ದಿನದ ಒಟ್ಟು ಅಳತೆಯನ್ನು ಹೆಚ್ಚಿಸದೆ, ಅದನ್ನೇ ಬೆಳಿಗ್ಗೆ 7, ಸಂಜೆ 5 ಮತ್ತು ರಾತ್ರಿ 10.30ಕ್ಕೆ ಹಂಚಿ, ಕೊನೆಯ ಊಟಕ್ಕೆ ಮುನ್ನ ಹತ್ತು ನಿಮಿಷ ಚೆನ್ನಾಗಿ ಆಡಿಸಿ ಎಂದವರ ಮಾತೇ ಕೆಲಸ ಮಾಡಿತು. ಮೊದಲ 4 ದಿನ ಕೂಗಾಟ ಇನ್ನೂ ಜೋರಾಯಿತಾದರೂ ನಾವು ಏಳಲಿಲ್ಲ. ಈಗ ಅದು 6 ಗಂಟೆಯವರೆಗೆ ಮಲಗುತ್ತಿದೆ.

ನನಗೆ ತಿಳಿಯದಿದ್ದ ಸಂಗತಿಯೆಂದರೆ, ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆ ಸರಿಯಾಗಿ ಜೀರ್ಣವಾಗುವುದಿಲ್ಲ. ಬೆಣ್ಣೆ ದೋಸೆಯ ಊರಿನವರಾದ ನಮ್ಮಮ್ಮ ಇದನ್ನು ಇನ್ನೂ ನಂಬಿಲ್ಲವಾದರೂ, ಹಾಲು ನಿಲ್ಲಿಸಿದ ಮೇಲೆ ಬೆಕ್ಕಿನ ಭೇದಿಯೂ ನಿಂತಿದೆ.